ಪಟ್ಟಿ ಬರೆಯುವವರನ್ನು ಹುಡುಕುತ್ತ

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳ ಬಗ್ಗೆ ಉತ್ಪಾದಕರಿಗೂ ವ್ಯಾಪಾರಿಗಳಿಗೂ ಒಂದು ಪತ್ರ ಹೊರಡಿಸಿತು. ಹಾಳೆಯಲ್ಲಿರುವ ಅರೆಕೋಲಿನ್ ಮೊದಲಾದ, ದೇಹಕ್ಕೆ ಹಾನಿ ಮಾಡಬಲ್ಲ ಆಲ್ಕಲಾಯ್ಡ್‌ಗಳು ಊಟಕ್ಕೆ ಸೇರಬಹುದು, ಆದ್ದರಿಂದ ಇವುಗಳನ್ನು ಆಹಾರಕ್ಕೆ ಬಳಸಲು ಒಪ್ಪಿಗೆಯಿಲ್ಲ ಎಂಬುದು ಅದರ ಸಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತಗಡಿನ ಶೆಡ್ಡಿಗೂ ಅಮೆರಿಕದ ಕಚೇರಿಗೂ ಏನು ಸಂಬಂಧ ಎಂದು ಕೇಳಬಹುದು. ನಾವು ಒತ್ತುತ್ತಿದ್ದ ತಟ್ಟೆಗಳಲ್ಲಿ ಬಹುಪಾಲು ಸಾರಡ್ಕ ದಾಟಿ ಗಡಿಯಾಚೆಯ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು, ಅವರ ಮೂಲಕ ಹಡಗು ಹತ್ತುತ್ತಿತ್ತು. ಅವರು ಫೋನ್ ಮಾಡಿ, “ಅಕ್ಕಾ, ಸದ್ಯಕ್ಕೆ ಕಳುಹಿಸಬೇಡಿ, ನಾನೇ ಹೇಳುತ್ತೇನೆ” ಎಂದರು. ಆಮೇಲೆ ಅವರ ಫೋನ್ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಗೋದಾಮಿನಲ್ಲೂ ಮಾಲು ರಾಶಿ ಬಿದ್ದಿತ್ತು.

ನಮ್ಮ ಕೆಲಸದ ಲೆಕ್ಕ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಹಾಳೆ ಹೆಚ್ಚಾಗಿ ಬೀಳುವುದು ಬೇಸಿಗೆಯಲ್ಲಿ. ಬಿದ್ದ ಹಾಳೆಯನ್ನು ಮಣ್ಣು ಹಿಡಿಯುವ ಮೊದಲು ಹೆಕ್ಕಿ, ಒಣಗಿಸಿ, ಮಳೆಗೆ ಮುಂಚೆ ಒಳಗೆ ಪೇರಿಸಬೇಕು. ಬೇಕಾದಾಗ ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ವರ್ಷದ ದುಡಿಮೆಗೆ ಬೇಕಾದ ಹಾಳೆಯ ದುಡ್ಡನ್ನು ಬೇಸಿಗೆಯಲ್ಲೇ ತೋಟದವರಿಗೆ ಕೊಟ್ಟಾಗಿರುತ್ತದೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಮಾಡಿನ ತನಕ ಹಾಳೆ, ಅದರ ಪಕ್ಕದಲ್ಲಿ ಒತ್ತಿಟ್ಟ ತಟ್ಟೆಯ ಕಟ್ಟುಗಳು, ಹೊರಗೆ ಬಿಡದ ಮಳೆ. ತಟ್ಟೆಗೆ ಒಮ್ಮೆ ಬೂಷ್ಟು ಹಿಡಿದರೆ ದನದ ಕೊಟ್ಟಿಗೆಗೂ ಬೇಡ. ಹಾಗಾಗಿ ಹೊಸ ಗಿರಾಕಿಗಳನ್ನು ಹುಡುಕುವುದು ನನಗೆ ವ್ಯಾಪಾರ ಬೆಳೆಸುವ ಹುಮ್ಮಸ್ಸಿನ ಮಾತಾಗಿರಲಿಲ್ಲ. ಕಟ್ಟುಗಳು ಹಾಳಾಗುವುದರೊಳಗೆ ಅವುಗಳಿಗೆ ದಾರಿ ತೋರಿಸಬೇಕಿತ್ತು, ಅಷ್ಟೆ.

ಎಲ್ಲರೂ ಮೊದಲು ಹೇಳಿದ್ದು ಮೊಬೈಲಿನ ದಾರಿ. ಸಗಟು ಮಾರಾಟದ ಒಂದು ಜಾಲತಾಣದಲ್ಲಿ ತಮ್ಮನ ಮಗ ನಮ್ಮ ಹೆಸರು ಸೇರಿಸಿಕೊಟ್ಟ. ಫೋನ್‌ಗಳು ಬಂದವು, ಇಲ್ಲವೆನ್ನುವುದಿಲ್ಲ. ಎಲ್ಲಿಂದಲೋ ಹಿಂದಿಯಲ್ಲಿ ಒಬ್ಬರು ದರ ಕೇಳುತ್ತಾರೆ, ಹೇಳಿದರೆ ತಮಿಳುನಾಡಿನ ದರ ಇನ್ನೂ ಕಡಿಮೆ ಎನ್ನುತ್ತಾರೆ, ಕಡಿಮೆ ಮಾಡಿದರೆ ಮಾದರಿ ಕಳುಹಿಸಿ ಎನ್ನುತ್ತಾರೆ, ಕಳುಹಿಸಿದರೆ ಮೌನ. ತಟ್ಟೆ ಹಗುರವಾದರೂ ಜಾಗ ತಿನ್ನುವ ಸರಕು, ದೂರದ ಲಾರಿ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಮಂಗಳೂರಿನ ಅಂಗಡಿಗಳಿಗೂ ಹೋಗಿ ಬಂದೆ. ಅಲ್ಲಿ ಮಾಲು ಇಟ್ಟುಕೊಳ್ಳುತ್ತಾರೆ, ಖರ್ಚಾದ ಮೇಲೆ ದುಡ್ಡು. ನನ್ನ ಮಾಲು ಇನ್ನೊಬ್ಬರ ಗೋದಾಮಿನಲ್ಲಿ ಕುಳಿತರೆ ನನಗೆ ಸಿಗುವುದು ಸ್ವಂತ ಶೆಡ್ಡಿನಲ್ಲಿ ಸ್ವಲ್ಪ ಜಾಗ ಮಾತ್ರ.

ದಾರಿ ಕಂಡದ್ದು ಸಂಬಂಧಿಕರ ಮನೆಯೊಂದರಲ್ಲಿ. ಮಗಳ ಮದುವೆಯ ತಯಾರಿ ನಡೆದಿತ್ತು. ಹುಡುಗಿಯ ತಂದೆ, ನನಗೆ ವರಸೆಯಲ್ಲಿ ಭಾವ, ಊಟ ತಿಂಡಿಯ ವಿಷಯ ಎತ್ತಿದಾಗ ನಾನು ತಟ್ಟೆಯ ಮಾತು ತೆಗೆದೆ. ಅವರು ನಕ್ಕು, “ಅದೆಲ್ಲ ನಾನು ನೋಡುವುದಲ್ಲ ಮಾರಾಯ್ತಿ, ಅಡಿಗೆ ಭಟ್ಟರು ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಇದ್ದದ್ದನ್ನು ತಂದು ಹಾಕುವುದು ಮಾತ್ರ ನನ್ನ ಕೆಲಸ” ಎಂದು ಒಂದು ಕಾಗದ ಮುಂದಿಟ್ಟರು. ಜಿನಸಿನ ಪಟ್ಟಿ. ಬೆಳ್ತಿಗೆ ಅಕ್ಕಿಯಿಂದ ಹಿಡಿದು ಇಂಗಿನ ವರೆಗೆ, ಬಾಳೆಲೆ ಇಷ್ಟು, ಕಾಗದದ ಲೋಟ ಇಷ್ಟು, ಕೊನೆಯ ಸಾಲಿನಲ್ಲಿ ‘ತಿಂಡಿಗೆ ಪ್ಲೇಟು’. ಎಂಥ ಪ್ಲೇಟು ಎಂದು ಬರೆದಿರಲಿಲ್ಲ. ಅಂಗಡಿಯವರು ಯಾವುದನ್ನು ಕಟ್ಟಿ ಕೊಟ್ಟರೆ ಅದು.

ನಾನು ಇಷ್ಟು ದಿನ ದುಡ್ಡು ಕೊಡುವವರ ಮುಖ ನೋಡುತ್ತಿದ್ದೆ. ನಮ್ಮ ಕಡೆಯ ಮದುವೆ, ಗೃಹಪ್ರವೇಶದಂಥ ಜಂಬರಗಳಲ್ಲಿ ದುಡ್ಡು ಕೊಡುವವರಿಗೆ ತಟ್ಟೆಯ ಯೋಚನೆಯೇ ಇರುವುದಿಲ್ಲ. ಅವರಿಗೆ ಮುಹೂರ್ತ, ನೆಂಟರು, ಬಂಗಾರದ ದರ, ಹಾಲ್ ಸಿಕ್ಕಿತೇ ಇಲ್ಲವೇ ಎಂಬ ಚಿಂತೆ. ತಟ್ಟೆ ತೀರ್ಮಾನವಾಗುವುದು ಯಾರೋ ಬರೆದ ಪಟ್ಟಿಯಲ್ಲಿ. ಅಂದ ಮೇಲೆ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಬಾಯಾರು ಸುತ್ತಿನಲ್ಲಿ ಪಟ್ಟಿ ಬರೆಯುವವರು ಎಷ್ಟು ಜನ? ಒಂದು ಪುಟ ಸಾಲದಷ್ಟು ಹೆಸರು ಬರಲಿಲ್ಲ. ಆ ಪುಟವೇ ನನ್ನ ಮಾರುಕಟ್ಟೆ ಎಂದುಕೊಂಡೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆಟಿ ತಿಂಗಳು ಇದಕ್ಕೆ ಹೇಳಿ ಮಾಡಿಸಿದ್ದು. ಮದುವೆ ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಸೀಸನ್ನಿನಲ್ಲಿ ಎರಡು ನಿಮಿಷ ಮಾತಿಗೆ ಸಿಗದ ಅಡಿಗೆಯವರು ಮನೆಯ ಜಗಲಿಯಲ್ಲಿ ಕೂತು ಮಳೆ ನೋಡುತ್ತಿರುತ್ತಾರೆ. ಹೋದರೆ ಕುಡಿಯಲು ಕೊಟ್ಟು ಮಾತಾಡುತ್ತಾರೆ. ಹೊಸ ವ್ಯಾಪಾರಕ್ಕೆ ಮಳೆಗಾಲ ಒಳ್ಳೆಯದಲ್ಲ ಎಂದು ಹೇಳುವವರು ಮಾತಿನ ಬೆಲೆ ತಿಳಿಯದವರು.

ಮೊದಲು ಹೋದದ್ದು ನೀರ್ಚಾಲಿನ ಕಡೆಯ ಹಿರಿಯ ಅಡಿಗೆ ಭಟ್ಟರೊಬ್ಬರ ಮನೆಗೆ. ಕಟ್ಟು ಬಿಚ್ಚಿ ತಟ್ಟೆ ತೋರಿಸಿದೆ. ಅವರು ದರ ಕೇಳಲಿಲ್ಲ. ಒಂದು ತಟ್ಟೆ ಎತ್ತಿ ಮೂಸಿದರು. ಒಳಗೆ ಹೋಗಿ ಕುದಿಯುವ ಸಾರು ತಂದು ಸುರಿದು, ಜಗಲಿಯ ಕಟ್ಟೆಯ ಮೇಲೆ ಇಟ್ಟು, ತೋಟದ ಮಾತು ತೆಗೆದರು. ಕೊಳೆರೋಗ, ಎಲೆಚುಕ್ಕಿ, ಅಡಿಕೆಗೆ ಔಷಧವಾಗಿ ಬಿಡುವ ಮೈಲುತುತ್ತಿನ ದರ ಎಲ್ಲ ಆಯಿತು. ಆಮೇಲೆ ತಟ್ಟೆ ಎತ್ತಿ ಅಡಿಯನ್ನು ಬೆರಳಿನಿಂದ ಒರೆಸಿ ನೋಡಿದರು. ಒಣಗಿತ್ತು.

“ಇದು ನಿಲ್ಲುತ್ತದೆ. ಆದರೆ ಊಟಕ್ಕೆ ನಾನು ಬಾಳೆಲೆ ಬಿಟ್ಟು ಬೇರೆ ಹಾಕುವವನಲ್ಲ.”

“ಊಟಕ್ಕೆ ಕೇಳಲು ಬಂದದ್ದಲ್ಲ ಭಟ್ಟರೇ. ಬೆಳಗ್ಗಿನ ತಿಂಡಿಗೆ, ಸಾಯಂಕಾಲದ ಚಹಾಕ್ಕೆ.”

“ಹಾಗಾದರೆ ಸರಿ. ಹಾಳೆಗೆ ಮೈಲುತುತ್ತು ಬಿದ್ದಿರುವುದಿಲ್ಲವೋ?”

ಇದು ತೋಟದವರು ಮಾತ್ರ ಕೇಳುವ ಪ್ರಶ್ನೆ. ಔಷಧ ಬಿಡುವುದು ಮಳೆಗಾಲದಲ್ಲಿ, ನಾವು ಹಾಳೆ ಹೆಕ್ಕುವುದು ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಬಿದ್ದದ್ದನ್ನು ಮುಟ್ಟುವುದಿಲ್ಲ, ಒತ್ತುವ ಮೊದಲು ಬ್ರಷ್ಷಿನಲ್ಲಿ ತೊಳೆಯುತ್ತೇವೆ ಎಂದೆ. ನೋಡಬೇಕೆಂದರೆ ಶೆಡ್ಡಿಗೆ ಬನ್ನಿ ಎಂದೂ ಹೇಳಿದೆ. ಅವರು ನಿಜವಾಗಿಯೂ ಬಂದರು, ಜೊತೆಗೆ ಬಡಿಸುವ ತಂಡದ ಇಬ್ಬರು ಹುಡುಗರನ್ನೂ ಕರೆತಂದರು. ಆಟಿ ಮುಗಿದು ಸೋಣ ತಿಂಗಳು ಬಂದ ಮೇಲೆ ಅವರ ಪಟ್ಟಿಯ ಕೊನೆಯ ಸಾಲು ಬದಲಾಯಿತು: ‘ತಿಂಡಿಗೆ ಹಾಳೆ ತಟ್ಟೆ, 10 ಇಂಚು’, ಕೆಳಗೆ ನನ್ನ ಮೊಬೈಲ್ ಸಂಖ್ಯೆ.

ಅಡಿಗೆಯವರಿಂದ ಕಲಿತದ್ದು ಬಹಳ. ಅಂಚು ಎತ್ತರ ಇರಬೇಕು, ಇಲ್ಲವಾದರೆ ಸಾಂಬಾರು ರೇಷ್ಮೆ ಸೀರೆಗೆ ಹೋಗುತ್ತದೆ, ಬೈಗುಳ ಬಡಿಸುವವರಿಗೆ ಬರುತ್ತದೆ. ಒಂದರೊಳಗೊಂದು ಕೂರುವ ತಟ್ಟೆ ಸಲೀಸಾಗಿ ಬಿಟ್ಟುಬರಬೇಕು, ನೂರು ಜನ ಸಾಲಿನಲ್ಲಿ ನಿಂತಿರುವಾಗ ಉಗುರು ಹಾಕಿ ಬಿಡಿಸುತ್ತ ಕೂರಲು ಆಗುವುದಿಲ್ಲ. ಪಾಯಸಕ್ಕೆ ಬಟ್ಟಲು ಬೇಕು, ಆದರೆ ಅದು ಮೇಜಿನ ಮೇಲೆ ಅಲ್ಲಾಡಬಾರದು. ವಿದೇಶಕ್ಕೆ ಕಳುಹಿಸುವಾಗ ಚೌಕ, ಎಲೆಯಾಕಾರ ಎಂದು ಏನೇನೋ ಅಚ್ಚು ಕೇಳುತ್ತಿದ್ದರು, ಬಣ್ಣ ಒಂದೇ ಇರಬೇಕು ಎನ್ನುತ್ತಿದ್ದರು. ಇಲ್ಲಿ ಬಣ್ಣದ ಗೊಡವೆ ಯಾರಿಗೂ ಇಲ್ಲ. ಕಲೆಯಿದೆ ಎಂದು ಆಚೆಗೆ ತೆಗೆದಿಡುತ್ತಿದ್ದ ತಟ್ಟೆಗಳೂ ಗಟ್ಟಿಯಾಗಿದ್ದರೆ ನಡೆಯುತ್ತವೆ. ದರ ಇಳಿದರೂ ನಷ್ಟ ಅಂದುಕೊಂಡಷ್ಟು ಆಗದಿದ್ದುದಕ್ಕೆ ಇದೇ ಕಾರಣ.

ಶಾಮಿಯಾನದವರದು ಬೇರೆ ಕಥೆ. ಕುರ್ಚಿ, ಪಾತ್ರೆ, ಜನರೇಟರ್ ಜೊತೆಗೆ ತಟ್ಟೆ ಲೋಟ ಕೂಡ ಅವರೇ ಇಳಿಸುವ ವಾಡಿಕೆ ಹಲವು ಕಡೆ ಇದೆ. ಅವರಿಗೆ ಸೋರುತ್ತದೋ ಇಲ್ಲವೋ ಮುಖ್ಯವಲ್ಲ, ತಮಗೇನು ಉಳಿಯುತ್ತದೆ ಎಂಬುದು ಮುಖ್ಯ. ಒಬ್ಬರು ಕೂತ ಕೂಡಲೇ ಕಮಿಷನ್ ಎಷ್ಟು ಎಂದರು. ನಮ್ಮ ಮನೆಯವರಿಗೆ ಇದು ಹಿಡಿಸಲಿಲ್ಲ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಾಲನ್ನು ನನ್ನ ಶೆಡ್ಡಿನಿಂದ ಅವರದೇ ವಾಹನದಲ್ಲಿ ಒಯ್ಯುತ್ತಾರೆ, ಉಳಿದದ್ದನ್ನು ಲೆಕ್ಕ ಮಾಡಿ ವಾಪಸು ತರುತ್ತಾರೆ, ಆ ಕೆಲಸಕ್ಕೆ ಕೂಲಿ ಬೇಡವೇ? ಆದರೆ ಅಡಿಗೆಯವರಿಗೆ ಕಮಿಷನ್ ಕೊಡುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ದುಡ್ಡು ತೆಗೆದುಕೊಂಡು ಹೆಸರು ಬರೆದವರು ನಾಳೆ ಹೆಚ್ಚು ಕೊಡುವವರ ಹೆಸರು ಬರೆಯುತ್ತಾರೆ. ಭಟ್ಟರು ನನ್ನ ಹೆಸರು ಬರೆಯುವುದು ತಟ್ಟೆ ಸೋರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇರಲಿ.

ಇನ್ನು ಪಂಚಾಯತಿನ ಕಡೆ. ಕೇರಳದಲ್ಲಿ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರ ಜನವರಿಯಿಂದಲೇ ನಿಷೇಧ ಇದೆ, ಪ್ಲಾಸ್ಟಿಕ್ ಲೇಪನದ ಕಾಗದದ ತಟ್ಟೆಯೂ ಅದರಲ್ಲಿ ಸೇರಿದೆ. ಗಡಿಯಾಚೆ ಕರ್ನಾಟಕದಲ್ಲಿ 2016ರಿಂದ, ದೇಶಕ್ಕೆಲ್ಲ 2022ರ ಜುಲೈಯಿಂದ. ಇಷ್ಟು ನಿಷೇಧಗಳ ನಡುವೆಯೂ ಹೊಳೆಯುವ ತಟ್ಟೆಗಳು ಎಲ್ಲಿಂದ ಬರುತ್ತವೆ ಎಂದು ನನ್ನನ್ನು ಕೇಳಬೇಡಿ. ಆದರೆ ಈಚೆಗೆ ಒಂದು ಬಿಗಿ ಬಂದಿದೆ: ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಮೂರು ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು, ಕಸದ ವ್ಯವಸ್ಥೆ ಹೇಳಬೇಕು. ಈ ಕಸ ಒಯ್ಯುವವರು ಹಸಿರು ಕರ್ಮಸೇನೆಯ ಹೆಂಗಸರು. ತಿಂಗಳಿಗೆ 50 ರೂಪಾಯಿ ಪಡೆದು ಪ್ರತಿ ಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಇವರಿಗೆ ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರ ಹೊಸ ಮನೆಗೆ ಟೈಲ್ಸ್ ಹಾಕಿ ಮುಗಿಯಿತು ಎಂಬುದೆಲ್ಲ ಗೊತ್ತು. ನಮ್ಮ ವಾರ್ಡಿಗೆ ಬರುವ ಇಬ್ಬರನ್ನು ಶೆಡ್ಡಿನಲ್ಲಿ ಕೂರಿಸಿ ಚಹಾ ಕೊಟ್ಟು ವಿಷಯ ಹೇಳಿದೆ. ಬಳಸಿದ ಹಾಳೆ ತಟ್ಟೆ ಅವರ ಚೀಲಕ್ಕೆ ಬರುವುದೇ ಇಲ್ಲ, ತೋಟದ ಬುಡಕ್ಕೆ ಹೋಗುತ್ತದೆ. ಅವರ ಹೊರೆ ಅಷ್ಟು ಕಡಿಮೆ. 2025ರ ಡಿಸೆಂಬರಿನ ಸ್ಥಳೀಯಾಡಳಿತ ಚುನಾವಣೆಯಾಗಿ ಪಂಚಾಯತಿಗೆ ಹೊಸ ಸದಸ್ಯರು ಬಂದರು. ಸದಸ್ಯರ ಪರಿಚಯಕ್ಕಾಗಿ ಓಡಾಡುವ ವ್ಯಾಪಾರಿಗಳಿಗೆ ನನ್ನ ಸಲಹೆ ಇಷ್ಟೇ: ಸದಸ್ಯರು ಐದು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಕರ್ಮಸೇನೆಯವರು ತಿಂಗಳು ತಿಂಗಳೂ ಬಾಗಿಲಿಗೆ ಬರುತ್ತಾರೆ.

ಕಸವೇ ಆಗದಂತೆ ಜಂಬರ ನಡೆಸಿ ಎನ್ನುವ ಹಸಿರು ನಿಯಮದವರ ಮೊದಲ ಆಯ್ಕೆ ಹಾಳೆ ತಟ್ಟೆಯಲ್ಲ, ತೊಳೆದು ಬಳಸುವ ಸ್ಟೀಲ್ ತಟ್ಟೆ. ಅದು ಸರಿಯಾದ ಮಾತೇ. ಬಾವಿಯಲ್ಲಿ ನೀರಿದ್ದು ತೊಳೆಯಲು ಕೈಗಳಿರುವ ಕಡೆ ನಾನೂ ಹಾಗೆಯೇ ಹೇಳುತ್ತೇನೆ. ಏಪ್ರಿಲ್ ತಿಂಗಳಲ್ಲಿ ಗುಡ್ಡದ ಮೇಲಿನ ಮನೆಯಲ್ಲಿ ಇವೆರಡೂ ಇರುವುದಿಲ್ಲ.

ದೊಡ್ಡ ಬಾಗಿಲು ತೆರೆದದ್ದು ದೇವಸ್ಥಾನದ ಕಡೆಯಿಂದ. ನಮ್ಮ ಕಡೆ ಬ್ರಹ್ಮಕಲಶ ಎಂದರೆ ಊರಿಗೆ ಊರೇ ವಾರಗಟ್ಟಲೆ ಅಲ್ಲೇ ಉಣ್ಣುವ ಉತ್ಸವ. 2025ರ ಬೇಸಿಗೆಯಲ್ಲಿ ಮಧೂರಿನ ಬ್ರಹ್ಮಕಲಶೋತ್ಸವ, ಮೂಡಪ್ಪ ಸೇವೆಗೆ ಸೇರಿದ ಜನವನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಪುಟ್ಟ ದೇವಸ್ಥಾನಗಳಲ್ಲೂ ಬ್ರಹ್ಮಕಲಶವಾದರೆ ಅನ್ನಸಂತರ್ಪಣೆಗೆ ಒಂದು ಸಮಿತಿ, ಅದಕ್ಕೊಬ್ಬ ಸಂಚಾಲಕರು. ನಮ್ಮ ಹತ್ತಿರದ ಒಂದು ದೇವಸ್ಥಾನದ ಸಂಚಾಲಕರು ನಿವೃತ್ತ ಮಾಷ್ಟ್ರು, ನನಗೆ ಐದನೆಯ ತರಗತಿಯಲ್ಲಿ ಗಣಿತ ಹೇಳಿದವರು. ತಟ್ಟೆಯ ಮಾತು ಕೇಳಿ ಕನ್ನಡಕ ತೆಗೆದರು.

“ನೋಡು, ಸಮಿತಿಯ ಕೈಯಲ್ಲಿ ಶಿಲ್ಪಿಗೆ ಕೊಡಲೇ ದುಡ್ಡಿಲ್ಲ. ತಟ್ಟೆಗೆ ಎಲ್ಲಿಂದ ತರಲಿ?”

“ಅಕ್ಕಿ ಎಲ್ಲಿಂದ ಬರುತ್ತದೆ ಮಾಷ್ಟ್ರೇ?”

“ಅದು ಹೊರೆಕಾಣಿಕೆಯಲ್ಲಿ ಬರುತ್ತದೆ.”

ಹೇಳಿದ ಮೇಲೆ ಅವರೇ ನಕ್ಕರು. ಹೊರೆಕಾಣಿಕೆ ಎಂದರೆ ಉತ್ಸವದ ಮೊದಲು ಊರೂರಿನವರು ಮೆರವಣಿಗೆಯಲ್ಲಿ ತಂದು ಒಪ್ಪಿಸುವ ಸಾಮಗ್ರಿ. ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ, ಬೆಲ್ಲ, ಬಾಳೆಲೆ. ಏನೇನು ಬೇಕೆಂದು ಸಮಿತಿಯವರು ಆಮಂತ್ರಣದ ಜೊತೆಗೆ ಪಟ್ಟಿ ಅಚ್ಚು ಹಾಕಿಸುತ್ತಾರೆ. ಆ ಪಟ್ಟಿಯಲ್ಲಿ ‘ಹಾಳೆ ತಟ್ಟೆ’ ಎಂಬ ಎರಡು ಪದ ಸೇರಿದವು. ಮುಂದಿನದನ್ನು ನಾನು ಊಹಿಸಿರಲಿಲ್ಲ. ದುಬಾಯಿ, ಬೆಹರಿನ್, ಬೆಂಗಳೂರಿನಲ್ಲಿರುವ ಊರವರಿಗೆ ಅಕ್ಕಿ ಮೂಟೆ ಹೊತ್ತು ಮೆರವಣಿಗೆಯಲ್ಲಿ ನಡೆಯಲು ಆಗುವುದಿಲ್ಲ. ಅವರು ಪಟ್ಟಿ ನೋಡಿ ವಾಟ್ಸಾಪಿನಲ್ಲಿ ಕೇಳಿದರು: ಒಂದು ಹೊತ್ತಿನ ತಿಂಡಿಗೆ ತಟ್ಟೆ ನನ್ನ ಲೆಕ್ಕದಲ್ಲಿ ಇರಲಿ, ಎಷ್ಟಾಗುತ್ತದೆ? ದುಡ್ಡು ಮೊದಲೇ ಬರುತ್ತದೆ. ಮಾಲು ನಾವೇ ದೇವಸ್ಥಾನದ ಉಗ್ರಾಣಕ್ಕೆ ಇಳಿಸಿ, ರಸೀದಿಯಲ್ಲಿ ಅವರ ಹೆಸರು ಬರೆಸಿ, ಫೋಟೋ ತೆಗೆದು ಕಳುಹಿಸುತ್ತೇವೆ. ಆಮೇಲೆ ಅವರ ಅಣ್ಣನ ಮನೆಯ ಗೃಹಪ್ರವೇಶಕ್ಕೂ ಅದೇ ಸಂಖ್ಯೆಗೆ ಫೋನ್ ಬರುತ್ತದೆ. ಒಂದು ಪಟ್ಟಿ ಅಡಿಕೆ ಮರದ ಹಾಗೆ ಗೊನೆ ಗೊನೆಯಾಗಿ ಕೊಡುತ್ತದೆ, ನೀರು ಹಾಕುವುದನ್ನು ಮಾತ್ರ ನಿಲ್ಲಿಸಬಾರದು.

ರಂಜಾನಿಗೆ ತಟ್ಟೆ ಹೋದದ್ದೂ ಇಂಥದೇ ದಾರಿಯಲ್ಲಿ. ಉಪ್ಪಳದ ಅಂಗಡಿಯ ಹಾಜಿಯವರು ನಮ್ಮ ಮನೆಯವರಿಗೆ ಅಡಿಕೆ ವ್ಯಾಪಾರದಿಂದ ಹಳೆಯ ಪರಿಚಯ. ಮಸೀದಿಯ ಇಫ್ತಾರಿನಲ್ಲಿ ಗಂಜಿಗೂ ಹಣ್ಣಿನ ತುಂಡುಗಳಿಗೂ ಏನು ಬಳಸುತ್ತೀರಿ ಎಂದು ಕೇಳಿದಾಗ ಅವರು ಮಾದರಿ ಇಟ್ಟುಕೊಂಡರು. ಗಂಜಿಗೆ ಆಳವಾದ ಬಟ್ಟಲು ಬೇಕಿತ್ತು, ನಮ್ಮ ಅಚ್ಚು ಸಾಲದು, ಹಾಳೆಯೂ ಅಷ್ಟು ಬಗ್ಗಿದರೆ ಬಿರಿಯುತ್ತದೆ. ಕೊನೆಗೆ ಗಂಜಿಗೆ ಅವರದೇ ಪಿಂಗಾಣಿ, ಹಣ್ಣು ತಿಂಡಿಗೆ ನಮ್ಮ 6 ಇಂಚಿನ ತಟ್ಟೆ ಎಂದು ತೀರ್ಮಾನವಾಯಿತು. ಚಿಕ್ಕ ವ್ಯಾಪಾರ, ಆದರೆ ಒಂದು ತಿಂಗಳು ತಪ್ಪದೆ ನಡೆಯಿತು.

ಉದ್ಯಮಿಗಳ ಕೂಟವೊಂದಕ್ಕೂ ಹೋಗಿದ್ದೆ. ನಗರದ ಹೋಟೆಲಿನಲ್ಲಿ ಬೆಳಗಾಗುವ ಮೊದಲೇ ಸೇರುತ್ತಾರೆ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ವ್ಯಾಪಾರವನ್ನು ಒಂದು ನಿಮಿಷದಲ್ಲಿ ಹೇಳಬೇಕು, ವಿಸಿಟಿಂಗ್ ಕಾರ್ಡ್ ಹಂಚಬೇಕು, ಒಬ್ಬರು ಇನ್ನೊಬ್ಬರಿಗೆ ಗಿರಾಕಿಗಳನ್ನು ಕಳುಹಿಸಬೇಕು. ಶಿಸ್ತು ಮೆಚ್ಚುವಂಥದು. ವಿಮೆಯವರು, ಒಳಾಂಗಣ ವಿನ್ಯಾಸದವರು, ಲೆಕ್ಕಪರಿಶೋಧಕರು ಇದ್ದರು. ಅವರೆಲ್ಲರಿಗೂ ಒಬ್ಬ ಗಿರಾಕಿ ಸಿಕ್ಕರೆ ಸಾವಿರಗಟ್ಟಲೆ ಉಳಿಯುತ್ತದೆ, ವರ್ಷದ ಶುಲ್ಕ ಅವರಿಗೆ ದೊಡ್ಡದಲ್ಲ. ತಟ್ಟೆಯೊಂದಕ್ಕೆ ಪೈಸೆಗಳಲ್ಲಿ ಲಾಭ ಎಣಿಸುವ ನನಗೆ ಅದು ಹೊಂದುವುದಿಲ್ಲ ಎನಿಸಿತು. ಸೇರಲಿಲ್ಲ. ಅಲ್ಲಿ ಪಕ್ಕದಲ್ಲಿ ಕೂತಿದ್ದ ಹೋಂಸ್ಟೇ ನಡೆಸುವ ಹೆಂಗಸಿನ ಸ್ನೇಹ ಮಾತ್ರ ಉಳಿಯಿತು, ಈಗಲೂ ತಟ್ಟೆ ತರಿಸುತ್ತಾರೆ.

ಅಮೆರಿಕದ ಸುದ್ದಿಯನ್ನು ಗಿರಾಕಿಗಳು ಕೇಳುವುದಿಲ್ಲವೇ? ಕೇಳುತ್ತಾರೆ, ಅದರಲ್ಲೂ ಓದಿದ ಮಕ್ಕಳು. ನಾನು ಮುಚ್ಚಿಡುವುದಿಲ್ಲ. ಅಲ್ಲಿಯ ಇಲಾಖೆ ಹೀಗೆ ಹೇಳಿದೆ, ನಮ್ಮ ದೇಶದಲ್ಲಿ ಇದಕ್ಕೆ ನಿಷೇಧ ಇಲ್ಲ, ನಮ್ಮಲ್ಲಿ ಇದಕ್ಕೆ ಬಣ್ಣವನ್ನಾಗಲಿ ಅಂಟನ್ನಾಗಲಿ ಸೇರಿಸುವುದಿಲ್ಲ, ನೀವು ಯೋಚಿಸಿ ತೀರ್ಮಾನಿಸಿ ಎನ್ನುತ್ತೇನೆ. ಒಬ್ಬಿಬ್ಬರು ಬೇಡ ಎಂದದ್ದುಂಟು. ವಾದಿಸಲಿಲ್ಲ. ನಮ್ಮ ಅಜ್ಜ ಹಾಳೆಯಲ್ಲಿ ಉಂಡು ತೊಂಬತ್ತು ವರ್ಷ ಬದುಕಿದರು ಎಂಬ ಮಾತನ್ನು ಕೆಲವು ಮಾರಾಟಗಾರರು ಆಡುತ್ತಾರೆ. ಪ್ರಯೋಗಾಲಯದ ಪ್ರಶ್ನೆಗೆ ಅಜ್ಜನ ಆಯುಸ್ಸು ಉತ್ತರವಲ್ಲ.

ಹಾಲ್‌ನವರು, ಕೇಟರಿಂಗ್‌ನವರು ಕೇಳುವ ಇನ್ನೊಂದು ಪ್ರಶ್ನೆ ಜಿಎಸ್‌ಟಿ ಸಂಖ್ಯೆ. ಎಲೆ, ಹೂ, ತೊಗಟೆಯಿಂದ ಮಾಡಿದ ತಟ್ಟೆ ಬಟ್ಟಲುಗಳಿಗೆ 2019ರ ಅಕ್ಟೋಬರಿನಿಂದ ತೆರಿಗೆ ಇಲ್ಲ, ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯೂ ಕಡ್ಡಾಯವಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಕಳ್ಳವ್ಯಾಪಾರದವಳನ್ನು ನೋಡುವ ಹಾಗೆ ನೋಡುತ್ತಾರೆ. ಹಾಗಾಗಿ ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಯ ಪತ್ರ, ತೆರಿಗೆ ವಿನಾಯಿತಿಯ ಆದೇಶದ ಪ್ರತಿ ಎರಡನ್ನೂ ಮಾದರಿಯ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಬಿಲ್ ಪುಸ್ತಕವಂತೂ ಬೇಕೇ ಬೇಕು. ಸಮಿತಿಗಳಿಗೆ ಲೆಕ್ಕಪತ್ರ ಮಂಡಿಸುವ ದಿನ ಇರುತ್ತದೆ, ಬಿಲ್ ಇಲ್ಲದ ತಟ್ಟೆ ಅವರಿಗೆ ತಲೆನೋವು.

ದುಡ್ಡಿನ ವಿಷಯದಲ್ಲಿ ನನ್ನ ಪದ್ಧತಿ ಕಟ್ಟುನಿಟ್ಟು. ಮನೆಯ ಜಂಬರವಾದರೆ ಮಾಲು ಎತ್ತುವಾಗ ಪೂರ್ತಿ, ಉಳಿದ ಕಟ್ಟು ಬಿಚ್ಚದೆ ವಾಪಸು ತಂದರೆ ಅಷ್ಟು ದುಡ್ಡು ಹಿಂದಕ್ಕೆ. ಈ ವಾಪಸಿನ ಮಾತು ಬಹಳ ಕೆಲಸ ಮಾಡುತ್ತದೆ, ಎಷ್ಟು ಜನ ಬರುತ್ತಾರೋ ಎಂಬ ಅಂಜಿಕೆ ಇರುವವರು ಧಾರಾಳವಾಗಿ ಒಯ್ಯುತ್ತಾರೆ. ಸಮಿತಿಯಾದರೆ ಅರ್ಧ ಮುಂಗಡ. ಉತ್ಸವ ಮುಗಿದ ಮೇಲೆ ಸಂಚಾಲಕರನ್ನು ಹುಡುಕುವುದೆಂದರೆ ವೇಷ ಕಳಚಿದ ಮೇಲೆ ರಾಜನನ್ನು ಹುಡುಕಿದಂತೆ, ನಿವೃತ್ತ ಮಾಷ್ಟ್ರು ಮಾತ್ರ ಇದಕ್ಕೆ ಹೊರತು.

ಹಳೆಯ ರಫ್ತಿನ ಲೆಕ್ಕಕ್ಕೆ ಈಗಿನದು ಇನ್ನೂ ಸರಿಗಟ್ಟಿಲ್ಲ. ಎರಡು ಯಂತ್ರಗಳಲ್ಲಿ ಒಂದು ಹಲವು ದಿನ ಸುಮ್ಮನಿರುತ್ತದೆ, ಕೆಲಸಕ್ಕೆ ಬರುವವರಿಗೆ ವಾರಪೂರ್ತಿ ಕೆಲಸ ಕೊಡಲು ಆಗುತ್ತಿಲ್ಲ. ಸೀಸನ್ನಿನ ಗಿರಾಕಿಗಳು ಆಟಿಯಲ್ಲಿ ಇರುವುದಿಲ್ಲವಾದ್ದರಿಂದ ವರ್ಷವಿಡೀ ಬೇಕಾಗುವ ಹೋಟೆಲು, ಬೇಕರಿಯಂಥ ಕಡೆಗಳನ್ನು ಹಿಡಿಯಬೇಕಾಗಿದೆ. ಚಂದ್ರಗಿರಿ ಹೊಳೆಯ ಆಚೆ ಕಾಞಂಗಾಡು, ನೀಲೇಶ್ವರದ ಕಡೆ ಕಾಲಿಟ್ಟೇ ಇಲ್ಲ. ಅಲ್ಲಿಯ ತೆಯ್ಯಂ ಕಳಿಯಾಟ ಎಂಬ ದೈವದ ಉತ್ಸವಗಳಲ್ಲೂ ಸಾವಿರಗಟ್ಟಲೆ ಜನ ಉಣ್ಣುತ್ತಾರೆ. ನನ್ನ ಮಲಯಾಳ ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟು ಮಾತ್ರ ಇರುವುದರಿಂದ ಕರ್ಮಸೇನೆಯ ಒಬ್ಬಳು ಹುಡುಗಿ ರಜೆಯ ದಿನ ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಮಾದರಿಯ ಚೀಟಿಯನ್ನು ಎರಡೂ ಭಾಷೆಗಳಲ್ಲಿ ಅಚ್ಚು ಹಾಕಲು ಬದಿಯಡ್ಕದ ಪ್ರೆಸ್ಸಿಗೆ ಕೊಟ್ಟಾಗಿದೆ. ಅಲ್ಲಿ ಪಟ್ಟಿ ಬರೆಯುವವರು ಯಾರು ಎಂದು ಮೊದಲು ವಿಚಾರಿಸಬೇಕು.